ವಿಮಾನಕ್ಕೆ ದುಡ್ಡು ಕೊಡುವ ಮುಂಚೆ

ಮಿಷನರಿ ವಿಮಾನ ಅಂದ ಕೂಡಲೇ ನಮ್ಮಲ್ಲಿ ಕೆಲವರು ಮತಾಂತರದ ಹೊಸ ದಾರಿ ಅಂತ ಮೂಗು ಮುರೀತಾರೆ, ಇನ್ನು ಕೆಲವರು ಕೈಮುಗೀತಾರೆ. ಆಸ್ಟ್ರೇಲಿಯಾದಲ್ಲಿ ಓದುತ್ತಿರುವ ನಮಗೆ ಪಪುವಾ ನ್ಯೂಗಿನಿ ಪಕ್ಕದ ಮನೆ. ಅಲ್ಲಿನ ಸ್ಥಿತಿ ನೋಡಿದರೆ ಎರಡೂ ಮಾತು ಅರ್ಧಂಬರ್ಧ ಅನ್ನಿಸುತ್ತೆ.

ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ಗುಡ್ಡಗಾಡಿನ ಪಟ್ಟಣಗಳಿಗೆ ಇವತ್ತಿಗೂ ನೇರ ರಸ್ತೆಯಿಲ್ಲ. ಎಷ್ಟೋ ಹಳ್ಳಿಗಳಲ್ಲಿ ಹೆರಿಗೆ ಕಷ್ಟವಾದರೆ ಹುಲ್ಲಿನ ರನ್‌ವೇಯಲ್ಲಿ ಇಳಿಯುವ ಪುಟ್ಟ ಸೆಸ್ನಾವೇ ಆಂಬುಲೆನ್ಸ್. ಮಿಷನ್ ಏವಿಯೇಷನ್ ಫೆಲೋಶಿಪ್ 1951ರಿಂದ ಅಲ್ಲಿದೆ. ಹೊತ್ತೊಯ್ಯುವುದು ಬರೀ ಪಾದ್ರಿಗಳನ್ನಲ್ಲ. ರೋಗಿಗಳು, ಮೇಷ್ಟ್ರು, ಔಷಧಿ, ಕಾಫಿ ಮೂಟೆ ಕೂಡ. (ಕೊಡಗಿನ ಗೆಳೆಯರೇ, ವಿಮಾನದಲ್ಲಿ ಕಾಫಿ ಮೂಟೆ!)

ಟಿಕೆಟ್ ದುಡ್ಡು ಖರ್ಚಿಗೆ ಸಾಲದು. ಪೈಲಟ್‌ಗಳೇ ಚರ್ಚುಗಳಿಗೆ, ಪರಿಚಯದವರ ಮನೆಗಳಿಗೆ ಹೋಗಿ ಬೆಂಬಲ ಕೂಡಿಸಿಕೊಂಡು ಹೊರಡುತ್ತಾರೆ. ನಮ್ಮ ತಕರಾರು ಇರುವುದು ಅಲ್ಲಿ ಹೇಳುವ ಕಥೆಗಳ ಬಗ್ಗೆ. 1956ರಲ್ಲಿ ಈಕ್ವೆಡಾರ್‌ನಲ್ಲಿ ಪೈಲಟ್ ನೇಟ್ ಸೇಂಟ್ ಮತ್ತು ನಾಲ್ವರು ಸಂಗಡಿಗರು ವಾವೊರಾನಿ ಜನರ ಈಟಿಗೆ ಬಲಿಯಾದರು. ‘ಲೈಫ್’ ಪತ್ರಿಕೆಯ ಚಿತ್ರಗಳಿಂದ ಅದು ಮನೆಮಾತಾಯಿತು. ಕರೆಯದೇ ಬಂದವರನ್ನು ಕಂಡು ವಾವೊರಾನಿಗಳಿಗೆ ಏನನ್ನಿಸಿತ್ತು ಅಂತ ಕೇಳಿದವರು ಕಡಿಮೆ. ಅದಕ್ಕೂ ಹತ್ತು ವರ್ಷ ಮುಂಚೆ, 1946ರಲ್ಲಿ, ಸಂಸ್ಥೆಯ ಮೊದಲ ವಿಮಾನವನ್ನು ಮೆಕ್ಸಿಕೋಗೆ ಹಾರಿಸಿದ ಬೆಟ್ಟಿ ಗ್ರೀನ್ ಎಂಬ ಹೆಣ್ಣುಮಗಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹಾಗಾಗಿ ಕ್ಯಾಂಪಸ್ಸಿನಲ್ಲಿ ಯಾರಾದರೂ ಇಂಥ ಡಬ್ಬಿ ಹಿಡಿದು ಬಂದರೆ ಹುತಾತ್ಮರ ಕಥೆ ಬೇಡ, ಲೆಕ್ಕ ಕೇಳೋಣ. ಈ ವರ್ಷ ಎಷ್ಟು ರೋಗಿಗಳನ್ನು ಸಾಗಿಸಿದಿರಿ? ಯಾವ ಹಳ್ಳಿಯವರು ಕರೆದರು? ಸೀಟು ಕೊಡುವಾಗ ಧರ್ಮ ಕೇಳ್ತೀರಾ? ಉತ್ತರ ಸರಿ ಕಂಡರೆ, ನಮ್ಮ ದೇವರು ಯಾರೇ ಆಗಿರಲಿ, ಹತ್ತು ಡಾಲರ್ ಹಾಕೋಣ.