ಬೆಟ್ಟದ ಬುಡದ ಕಾವಲು

ಸಾರ್ವಜನಿಕರು ಬಂದು ಹೋಗುವ ವನಗಳಿಗೂ ಉದ್ಯಾನಗಳಿಗೂ ಅವುಗಳದೇ ಆದ ಕಾವಲು ಪಡೆ ಬೇಕೇ, ಅಥವಾ ಊರ ಠಾಣೆಯವರು ಆಗಾಗ್ಗೆ ಬಂದು ನೋಡಿಕೊಂಡು ಹೋದರೆ ಸಾಕೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಮ್ಮ ಮಹಾಜನರು ದೂರ ಹೋಗಬೇಕಾದುದಿಲ್ಲ. ಗುಂಡ್ಲುಪೇಟೆಗೆ ಸಮೀಪದ ಹಿಮವದ್ ಗೋಪಾಲಸ್ವಾಮಿ ಬೆಟ್ಟವೇ ಉತ್ತರವನ್ನು ಹೇಳುತ್ತದೆ.

ಈ ಬೆಟ್ಟವು ಪುಣ್ಯಕ್ಷೇತ್ರವೂ ಹೌದು, ಹುಲಿಯಾನೆಗಳ ಬೀಡೂ ಹೌದು. 1941ರಲ್ಲಿ ಮೈಸೂರು ಸಂಸ್ಥಾನದವರು ಇಲ್ಲಿಯ ಕಾಡನ್ನು ವನ್ಯಮೃಗಗಳಿಗಾಗಿ ಕಾದಿರಿಸಿದಾಗ ಅದಕ್ಕೆ ಈ ಸ್ವಾಮಿಯ ಹೆಸರಿನಿಂದಲೇ ವೇಣುಗೋಪಾಲ ವನವೆಂದು ಕರೆದರು. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಈಗ ಭಕ್ತರ ಸ್ವಂತ ವಾಹನಗಳು ಬುಡದಲ್ಲಿಯೇ ನಿಲ್ಲತಕ್ಕದ್ದು, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರತಕ್ಕದ್ದು ಎಂಬ ಕಟ್ಟಳೆಯಿದೆ. ಕಟ್ಟಳೆಯೇನೋ ಉತ್ತಮವಾದುದೇ. ಆದರೆ ಬುಡದಲ್ಲಿ ಕಾವಲುಗಾರನು ನಿಲ್ಲದಿದ್ದರೆ ಅದು ಹಲಗೆಯ ಮೇಲಿನ ಬರಹ ಮಾತ್ರ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ಇರುವ ಸಂಚಾರ ನಿಷೇಧಕ್ಕೂ ಇದೇ ಮಾತು ಸಲ್ಲುತ್ತದೆ. ನ್ಯಾಯಾಲಯವು ಎತ್ತಿಹಿಡಿದ ಆಜ್ಞೆಯನ್ನು ನಡುರಾತ್ರಿಯಲ್ಲಿ ನಡೆಸುವವನು ತಪಾಸಣಾ ಠಾಣೆಯ ಸಾಮಾನ್ಯ ನೌಕರನೇ.

2019ರ ಫೆಬ್ರವರಿಯನ್ನು ನಮ್ಮ ವಾಚಕರು ಮರೆತಿರಲಾರರು. ಈ ಬೆಟ್ಟದ ಸುತ್ತಣ ಕಾಡೂ ಸೇರಿ ಹತ್ತು ಸಾವಿರ ಎಕರೆಗೂ ಮಿಕ್ಕ ಅರಣ್ಯವು ಕೆಲವೇ ದಿನಗಳಲ್ಲಿ ಸುಟ್ಟುಹೋಯಿತು. ಸ್ವಯಂಸೇವಕರು ಓಡಿಬಂದರು, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಗಾಳಿಗೆ ಸಿಕ್ಕ ಬೆಂಕಿಗೆ ಸಾವಿರ ಜನ ಸಾಲರು. ಅದು ಕಿಡಿಯಾಗಿರುವಾಗ ಒಬ್ಬನೇ ಸಾಕು. ಆದರೆ ಆ ಒಬ್ಬನು ಅಲ್ಲಿರಬೇಕು. 2017ರಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿಯೊಡನೆ ಹೋರಾಡಿದ ಅರಣ್ಯ ರಕ್ಷಕನೊಬ್ಬನು ಪ್ರಾಣವನ್ನೇ ತೆತ್ತನು.

ಜಾತ್ರೆ ಹಬ್ಬಗಳಿಗೆ ಪೊಲೀಸರನ್ನು ಕಳುಹಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದೆಂದೇ ನಮ್ಮ ಅಭಿಪ್ರಾಯ. ಒಂದು ದಿನದ ಮಟ್ಟಿಗೆ ಬಂದವನು ಜನರ ಗುಂಪನ್ನು ಸರಿಸಬಲ್ಲನು. ಆನೆ ಯಾವ ಹಾದಿಯಲ್ಲಿ ಇಳಿಯುವುದು, ಯಾವ ಇಳಿಜಾರಿನ ಹುಲ್ಲು ಮೊದಲು ಒಣಗುವುದು ಎಂಬುದನ್ನು ಅರಿಯನು. ಪಟ್ಟಣದ ಉದ್ಯಾನದಲ್ಲಿಯೂ ಹೀಗೆಯೇ. ದಿನವೂ ತಿರುಗುವ ಪೇದೆಗೆ ಸಂಜೆ ಬರುವ ಮಕ್ಕಳೂ ಮುದುಕರೂ ಪರಿಚಿತರು. ಹೊಸಬನ ದುರುದ್ದೇಶವೂ ಅವನ ಕಣ್ಣಿಗೇ ಮೊದಲು ಬೀಳುವುದು. ಕಬ್ಬನ್ ಉದ್ಯಾನದಂಥ ವನಗಳ ರಕ್ಷಣೆಗೆ 1975ರ ಶಾಸನವಿದೆ. ಆದರೆ ಶಾಸನವು ಗಸ್ತು ತಿರುಗಲಾರದು.

ವೆಚ್ಚ ಹೆಚ್ಚುವುದೆಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಸುಟ್ಟ ಕಾಡನ್ನು ಯಾವ ಬೊಕ್ಕಸವೂ ಮರಳಿ ಕೊಳ್ಳಲಾರದು. ಅಧಿಕಾರವು ಕೈಗೆ ಬಂದ ಕಾವಲುಗಾರನೇ ಯಾತ್ರಿಕರಿಂದ ಕಾಸು ಕೀಳಬಹುದೆಂಬ ಭಯವು ಇದಕ್ಕಿಂತ ನಿಜವಾದುದು. ಆದುದರಿಂದ ಅವನ ಎದೆಯ ಮೇಲೆ ಹೆಸರಿನ ಬಿಲ್ಲೆಯಿರಲಿ, ಬುಡದಲ್ಲಿ ದೂರಿನ ಪುಸ್ತಕವಿರಲಿ, ಮೇಲಧಿಕಾರಿಗಳು ಅದನ್ನು ತಿಂಗಳಿಗೊಮ್ಮೆ ಓದಲಿ.

ಕಾಡಿನ ಕಾವಲಿನಲ್ಲಿ ಅನೇಕರು ಇಂದಿಗೂ ದಿನಗೂಲಿಯವರು, ಗುತ್ತಿಗೆಯವರು. ನಾಳೆ ಕೆಲಸವುಂಟೋ ಇಲ್ಲವೋ ಎಂದು ಅಂಜುವವನಿಂದ ನೂರು ವರ್ಷದ ಮರಗಳನ್ನು ಕಾಯಿಸುವುದು ನ್ಯಾಯವಲ್ಲ, ವಿವೇಕವೂ ಅಲ್ಲ. ಕಾಡಂಚಿನ ಹಳ್ಳಿಗಳ ಜನರನ್ನೂ ಕಾಡನ್ನು ಅಂಗೈಯಂತೆ ಬಲ್ಲ ಸೋಲಿಗರು, ಜೇನುಕುರುಬರನ್ನೂ ಈ ಪಡೆಗೆ ಖಾಯಮ್ಮಾಗಿ ಸೇರಿಸಿಕೊಂಡು, ಪೊಲೀಸ್ ಹಾಗೂ ಅರಣ್ಯ ಇಲಾಖೆಗಳೆರಡೂ ಅದರ ಹೊಣೆಯನ್ನು ಹೊರತಕ್ಕದ್ದು. ಮುಂದಣ ಬೇಸಗೆಗೆ ಮುಂಚೆಯೇ ಸರ್ಕಾರದವರು ಈ ಏರ್ಪಾಟನ್ನು ಮಾಡುವರೆಂದು ನಾವು ನಿರೀಕ್ಷಿಸುತ್ತೇವೆ.