‘ಒಂದು ಗಾಡಿ ಕೊಡಿಸಿಬಿಡಿ’

ಈ ಸಲದ ಯುಗಾದಿ ಕಾರ್ಯಕ್ರಮ ಮುಗಿದು, ಹೋಳಿಗೆ ಊಟವಾಗಿ, ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದಾಗ ನಮ್ಮ ಸದಸ್ಯರೊಬ್ಬರು ಸಂತೋಷದ ಸುದ್ದಿ ಹೇಳಿದರು. ಬೀದರಿನಿಂದ ಬಂದು ಕಾಚಿಗುಡದಲ್ಲಿ ಮನೆ ಮಾಡಿ ಅವರಿಗೆ ಎರಡು ವರ್ಷ. ಬಿ.ಕಾಂ. ಮುಗಿಸಿದ ಮಗಳಿಗೆ ನಾನಕರಾಮಗುಡದ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ತಿಂಗಳಿಗೆ ಇಪ್ಪತ್ತು ಸಾವಿರ. ನಾವೆಲ್ಲ ಅಭಿನಂದಿಸಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, “ಕೆಲಸೇನೋ ಸಿಕ್ಕದರೀ, ಹೋಗಿ ಬರೋದು ಹ್ಯಾಂಗಂತ ತಿಳೀವಲ್ತು” ಎಂದರು. ತಕ್ಷಣ ನಾಲ್ಕು ಬಾಯಿಂದ ಒಂದೇ ಉತ್ತರ ಬಂತು: “ಅದಕ್ಯಾಕ ಚಿಂತಿ? ಒಂದು ಗಾಡಿ ಕೊಡಿಸಿಬಿಡ್ರಿ.”

ಆ ನಾಲ್ಕು ಬಾಯಿಗಳಲ್ಲಿ ನಮ್ಮದೂ ಒಂದು. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಬರೆದು ನೋಡಿದ ಮೇಲೆ ನಾಚಿಕೆಯಾಯಿತು. ಅದಕ್ಕಾಗಿಯೇ ಈ ಬರಹ.

ಲೆಕ್ಕ ಹೀಗಿದೆ. ಹೊಸ ಸ್ಕೂಟರು ರಸ್ತೆಗಿಳಿಯುವ ಹೊತ್ತಿಗೆ ಒಂದು ಲಕ್ಷದ ಮಾತು. ಕೈಯಿಂದ ಹತ್ತು ಹದಿನೈದು ಸಾವಿರ ಕಟ್ಟಿ ಉಳಿದದ್ದಕ್ಕೆ ಸಾಲ ಮಾಡಿದರೆ ಮೂರು ವರ್ಷ ತಿಂಗಳಿಗೆ ಮೂರು ಸಾವಿರದ ಮೇಲೆ ಕಂತು. ಕಾಚಿಗುಡದಿಂದ ನಾನಕರಾಮಗುಡಕ್ಕೆ ಇಪ್ಪತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಹೋಗಿ ಬರಲು ನಲವತ್ತು. ತಿಂಗಳಿಗೆ ಇಪ್ಪತ್ತನಾಲ್ಕು ದಿನವೆಂದರೆ 960 ಕಿಲೋಮೀಟರು. ಲೀಟರಿಗೆ ನಲವತ್ತೈದು ಕೊಡುವ ಗಾಡಿಗೆ ಇಪ್ಪತ್ತೊಂದು ಲೀಟರು ಪೆಟ್ರೋಲು ಬೇಕು. ಲೀಟರಿಗೆ ನೂರೇ ರೂಪಾಯಿ ಎಂದು ಉದಾರವಾಗಿ ಹಿಡಿದರೂ ಎರಡು ಸಾವಿರದ ನೂರು. ವಿಮೆ, ಸರ್ವಿಸು, ಪಂಕ್ಚರು ಸೇರಿಸಿ ಐನೂರು. ಒಟ್ಟು ಐದು ಸಾವಿರದ ಆರುನೂರು, ಏಳುನೂರು. ಭವಿಷ್ಯನಿಧಿ ಮುರಿದು ಕೈಗೆ ಬರುವ ಸಂಬಳದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಮೊದಲ ಪಗಾರದಲ್ಲಿ ಅವ್ವನಿಗೆ ಒಂದು ಸೀರೆ ತರಬೇಕೆಂದಿರುವ ಹುಡುಗಿಗೆ ನಾವು ಕೊಟ್ಟ ಸಲಹೆ ಇದು!

ಹಾಗಾದರೆ ಹಳೆಯ ಗಾಡಿ ಕೊಳ್ಳಲಿ ಎನ್ನುವವರಿದ್ದಾರೆ. ನಮ್ಮ ಪರಿಚಯದ ಹುಡುಗನೊಬ್ಬ ಹಾಗೆಯೇ ಸೋದರಮಾವನಿಂದ ಹದಿನೆಂಟು ಸಾವಿರ ಕಡ ತಂದು ಹಳೆಯ ಮೋಟಾರ್ ಸೈಕಲ್ ಕೊಂಡ. ಮೊದಲ ದೊಡ್ಡ ಮಳೆಗೆ ಅದು ಟೋಲಿಚೌಕಿಯ ನೀರಿನಲ್ಲಿ ನಿಂತಿತು. ಆಮೇಲೆ ಮಳೆಯಿಲ್ಲದೆಯೂ ನಿಲ್ಲತೊಡಗಿತು. ಸೇರಿದ ಹೊಸತರಲ್ಲಿ ಮೂರು ದಿನ ತಡವಾದದ್ದಕ್ಕೆ ನಾಳೆಯಿಂದ ಬರಬೇಡ ಎಂದುಬಿಟ್ಟರು. ಕೆಲಸ ಹೋಯಿತು, ಮಾವನ ಸಾಲ ಉಳಿಯಿತು. ಈಗಲೂ ಮದುವೆ ಮುಂಜಿಗಳಲ್ಲಿ ಮಾವನ ಕಣ್ಣು ತಪ್ಪಿಸಿ ಊಟಕ್ಕೆ ಕೂಡುತ್ತಾನೆ.

ಬಸ್ಸು ರೈಲುಗಳನ್ನು ನಂಬಿ ಕೂಡಲಾಗುವುದಿಲ್ಲ ಎಂಬ ಮಾತು ಸುಳ್ಳಲ್ಲ. 2019ರ ಅಕ್ಟೋಬರ್ 5ರಿಂದ ಐವತ್ತೆರಡು ದಿನ ಬಸ್ ನೌಕರರ ಮುಷ್ಕರ ನಡೆದದ್ದನ್ನು ನಾವು ಮರೆತಿಲ್ಲ. 2020ರ ಮಾರ್ಚಿನಲ್ಲಿ ನಿಂತ ಎಂ.ಎಂ.ಟಿ.ಎಸ್. ರೈಲು ಮತ್ತೆ ಹೊರಟದ್ದು 2021ರ ಜೂನಿನಲ್ಲಿ. ಕಾಚಿಗುಡದ ಮೇಲೆಯೇ ಹಾಯುವ ಈ ರೈಲು ಬಡವರ ಪಾಲಿಗೆ ಬಂಗಾರವಾಗಬೇಕಿತ್ತು. ಆದರೆ ಒಂದು ತಪ್ಪಿದರೆ ಇನ್ನೊಂದಕ್ಕೆ ಕಾಯುವಷ್ಟರಲ್ಲಿ ಕಚೇರಿಯ ಹಾಜರಿ ಪುಸ್ತಕ ಮುಚ್ಚಿರುತ್ತದೆ. ಮೆಟ್ರೊ ಇದೆ, ಚೊಕ್ಕಟವಾಗಿದೆ, ಹೇಳಿದ ವೇಳೆಗೆ ಬರುತ್ತದೆ. ನಾರಾಯಣಗುಡದಲ್ಲಿ ಹತ್ತಿ ಪೆರೇಡ್ ಗ್ರೌಂಡಿನಲ್ಲಿ ಬದಲಾಯಿಸಿದರೆ ರಾಯದುರ್ಗ. ಅಲ್ಲಿಗೆ ಹಳಿ ಮುಗಿಯಿತು. ನಾನಕರಾಮಗುಡ ಇನ್ನೂ ಐದಾರು ಕಿಲೋಮೀಟರು. 2022ರ ಡಿಸೆಂಬರಿನಲ್ಲಿ ರಾಯದುರ್ಗದಿಂದ ಆ ಕಡೆಯ ಮೇಲೆಯೇ ವಿಮಾನ ನಿಲ್ದಾಣಕ್ಕೆ ಮೆಟ್ರೊ ಹಾಕುತ್ತೇವೆಂದು ಅಡಿಗಲ್ಲು ಇಟ್ಟರು. ಮರುವರ್ಷ ಸರ್ಕಾರ ಬದಲಾಯಿತು, ಯೋಜನೆಯ ದಾರಿಯೂ ಬದಲಾಯಿತು, ಅಡಿಗಲ್ಲು ಅಡಿಗಲ್ಲಾಗಿಯೇ ಉಳಿಯಿತು. ಇತ್ತ ದರ ಮಾತ್ರ ಏರಿತು: ಹೆಚ್ಚೆಂದರೆ 60 ರೂಪಾಯಿ ಇದ್ದದ್ದು 2025ರ ಮೇ ತಿಂಗಳಲ್ಲಿ 75 ಆಗಿ, ಜನ ಕೂಗಾಡಿದ ಮೇಲೆ ರಿಯಾಯಿತಿ ತೋರಿಸಿ 69ಕ್ಕೆ ಇಳಿಸಿದರು.

ಇದೇ ಊರಿನಲ್ಲಿ 1932ರಲ್ಲಿ ಸರ್ಕಾರಿ ಬಸ್ಸು ಮೊದಲಾದಾಗ ಇದ್ದದ್ದು ಇಪ್ಪತ್ತೇಳೇ ಬಸ್ಸು. ಅವನ್ನು ನಡೆಸಿದ್ದು ನಿಜಾಮರ ರೈಲ್ವೆ. ನಮ್ಮ ಬೀದರು, ಗುಲ್ಬರ್ಗ, ರಾಯಚೂರುಗಳೂ 1956ರವರೆಗೆ ಇದ್ದ ಆ ಸಂಸ್ಥಾನದಲ್ಲಿ ರೈಲಿಗೂ ಬಸ್ಸಿಗೂ ಒಬ್ಬನೇ ಯಜಮಾನ. ನಿಜಾಮರ ಕಾಲವನ್ನು ಹೊಗಳುವ ಚಪಲ ನಮಗಿಲ್ಲ; 1948ನ್ನು ಕಂಡ ಮನೆತನಗಳು ನಮ್ಮಲ್ಲೇ ಇವೆ. ಆದರೂ ಅಂದು ಇಪ್ಪತ್ತೇಳು ಬಸ್ಸಿಗೆ ಹೊಳೆದ ಬುದ್ಧಿ ಇಂದು ಸಾವಿರಾರು ಬಸ್ಸುಗಳಿರುವಾಗ ಯಾಕೆ ಹೊಳೆಯುವುದಿಲ್ಲ? ಮೆಟ್ರೊ ಒಬ್ಬರದು, ಬಸ್ಸು ಇನ್ನೊಬ್ಬರದು, ಎಂ.ಎಂ.ಟಿ.ಎಸ್. ದಿಲ್ಲಿಯವರದು. ಹುಡುಗಿ ಮೂರು ಕಡೆ ಟಿಕೀಟು ತೆಗೆದು, ಕೊನೆಗೆ ಶೇರ್ ಆಟೋದಲ್ಲಿ ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ ಕೂಡಬೇಕು.

ನೌಕರಿ ಕೊಡುವವರ ಮಾತು ಬೇರೆ. ರಾಮಚಂದ್ರಾಪುರದಲ್ಲಿ ಬಿ.ಎಚ್.ಇ.ಎಲ್., ಬಾಲಾನಗರದಲ್ಲಿ ಐ.ಡಿ.ಪಿ.ಎಲ್. ಬಂದಾಗ ಕಾರ್ಖಾನೆಯ ಜೊತೆಗೆ ಕಾಲೊನಿಯನ್ನೂ ಕಟ್ಟಿದರು. ಊರಾಚೆ ಕೆಲಸಕ್ಕೆ ಕರೆದರೆ ಕೆಲಸಗಾರ ಅಲ್ಲಿಗೆ ಬಂದು ಮುಟ್ಟುವ ಹೊಣೆಯಲ್ಲಿ ತಮ್ಮದೂ ಪಾಲಿದೆ ಎಂದು ಅಂದಿನವರು ತಿಳಿದಿದ್ದರು. 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಊರೆಲ್ಲ ಪಡುವಣಕ್ಕೆ ಓಡಿತು. ಅಲ್ಲಿನ ದೊಡ್ಡ ಕಂಪನಿಗಳು ತಮ್ಮ ಇಂಜಿನಿಯರುಗಳಿಗೆ ಬಸ್ಸು, ಕಾರು ಇಟ್ಟಿವೆ ನಿಜ. ಆದರೆ ಅದೇ ಕಟ್ಟಡದ ಕಸ ಗುಡಿಸುವಾಕೆ, ಬಾಗಿಲು ಕಾಯುವಾತ, ಗುತ್ತಿಗೆದಾರನ ಲೆಕ್ಕ ಬರೆಯುವ ಹುಡುಗಿ? ಅವರು ಗುತ್ತಿಗೆಯವರು, ಅವರಿಗೆ ಬಸ್ಸಿಲ್ಲ. ಅರ್ಜಿಯಲ್ಲಿ ಮಾತ್ರ ಒಂದು ಪ್ರಶ್ನೆ ಇರುತ್ತದೆ: ಸ್ವಂತ ವಾಹನವಿದೆಯೇ? ಇಪ್ಪತ್ತು ಸಾವಿರ ಕೊಡುವವರು ಒಂದು ಲಕ್ಷದ ಗಾಡಿಯನ್ನು ಮೊದಲೇ ತಂದಿರಬೇಕೆಂದು ಕೇಳುವುದಕ್ಕೆ ಯಾವ ಸಂಕೋಚವೂ ಇಲ್ಲ.

ಇನ್ನು ನಮ್ಮವರ ಇನ್ನೊಂದು ಚಟ. 2023ರ ಡಿಸೆಂಬರ್ 9ರಿಂದ ಇಲ್ಲಿ ಮಹಾಲಕ್ಷ್ಮಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ಸಂಘದ ಕಟ್ಟೆಯ ಮೇಲೆ ಗೇಲಿಗೆ ಬಿಡುವಿಲ್ಲ. “ಕೆಲಸಿಲ್ಲ ಬೊಗಸಿಲ್ಲ, ಸುಮ್ಮನ ತಿರಗತಾರ” ಎನ್ನುವ ಹಿರಿಯರೇ, ಕಲಬುರಗಿಯ ಅಕ್ಕ ‘ಶಕ್ತಿ’ ಬಸ್ಸಿನಲ್ಲಿ ದುಡ್ಡಿಲ್ಲದೆ ಗಾಣಗಾಪುರಕ್ಕೆ ಹೋಗಿ ಬಂದದ್ದನ್ನು ಬಾಯ್ತುಂಬ ಹೇಳಿದವರು ನೀವೇ ಅಲ್ಲವೇ? ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲದಿದ್ದರೆ ಬಸ್ಸು ಹೆಚ್ಚಿಸಿ ಎಂದು ಸರ್ಕಾರವನ್ನು ಕೇಳಬೇಕು. ಹೆಂಗಸರು ಇಳಿಯಲಿ ಎನ್ನುವುದು ಯಾವ ನ್ಯಾಯ? ಮನೆಗೆಲಸದಾಕೆ, ನರ್ಸಮ್ಮ, ಅಂಗಡಿಯ ಹುಡುಗಿ ದಿನಕ್ಕೆ ಉಳಿಸುವ ಎಂಬತ್ತು ನೂರು ರೂಪಾಯಿ ನಮ್ಮ ಒಂದು ಇರಾನಿ ಹೋಟೆಲಿನ ಹರಟೆಯ ಬಿಲ್ಲಿಗೆ ಸಮ.

ಈ ಪುಕ್ಕಟೆ ಚೀಟಿಯಲ್ಲಿ ನಮ್ಮ ಜನಕ್ಕೆ ಒಂದು ಕೊಕ್ಕೆ ಇದೆ. ಅದು ತೆಲಂಗಾಣದ ವಿಳಾಸ ಇದ್ದವರಿಗೆ ಮಾತ್ರ. ನಮ್ಮಲ್ಲಿ ಎಷ್ಟೋ ಮಂದಿ ಇಲ್ಲಿ ವರ್ಷಗಟ್ಟಲೆ ಇದ್ದರೂ ಆಧಾರ್ ಕಾರ್ಡಿನಲ್ಲಿ ಬೀದರಿನ ಓಣಿಯನ್ನೇ ಇಟ್ಟುಕೊಂಡಿದ್ದೇವೆ. ಊರಿನ ನಂಟು ಕಡಿದೀತೆಂಬ ಅಂಜಿಕೆ. ನಂಟು ಕಾರ್ಡಿನಲ್ಲಿ ಇರುವುದಿಲ್ಲ ಸ್ವಾಮಿ. ಈ ಮಗಳ ಕಾರ್ಡೂ ಹಾಗೆಯೇ ಇತ್ತು. ಕಂಡಕ್ಟರು ನೋಡಿ ದುಡ್ಡು ಕೇಳುವುದು ಖಂಡಿತ. ಗಂಡುಮಕ್ಕಳಿಗಂತೂ ದುಡ್ಡು ತಪ್ಪಿದ್ದಲ್ಲ. ಮೆಟ್ರೊ ಎಕ್ಸ್‌ಪ್ರೆಸ್ ಬಸ್ಸಿನ ತಿಂಗಳ ಪಾಸು 2025ರ ಜೂನಿನಲ್ಲಿ 1,300ರಿಂದ 1,600ಕ್ಕೆ ಹೋಯಿತು. ಏರಿಕೆ ಅನ್ಯಾಯವೇ. ಆದರೂ ಐದು ಸಾವಿರದ ಆರುನೂರರ ಮುಂದೆ ಅದನ್ನು ಇಟ್ಟು ನೋಡಿ.

ಗಾಡಿ ಕೊಳ್ಳುವವರ ಮೇಲೆ ನಮಗೆ ಸಿಟ್ಟಿಲ್ಲ. ಮುಖ್ಯ ರಸ್ತೆಯಿಂದ ದೂರವಿದ್ದವರು, ರಾತ್ರಿ ಹನ್ನೊಂದಕ್ಕೆ ಬಿಡುಗಡೆಯಾಗುವವರು ಏನು ಮಾಡಿಯಾರು? ನಮ್ಮ ಸಿಟ್ಟು ಆ ಸಲೀಸಾದ ಉತ್ತರದ ಮೇಲೆ. ‘ಗಾಡಿ ಕೊಡಿಸಿ’ ಎಂದ ಕೂಡಲೇ ಕಚೇರಿಯವರ ಹೊಣೆ ಮುಗಿಯುತ್ತದೆ, ಸರ್ಕಾರದ ಹೊಣೆ ಮುಗಿಯುತ್ತದೆ, ಸಂಘದ ಹಿರಿಯರಾದ ನಮ್ಮ ಹೊಣೆಯೂ ಮುಗಿಯುತ್ತದೆ. ಉಳಿಯುವುದು ಆ ತಂದೆ ಮತ್ತು ಮೂವತ್ತಾರು ಕಂತು. ರಾಜ್ಯೋತ್ಸವದ ಪೆಂಡಾಲಿಗೆ ಚಂದಾ ಎತ್ತುವ ನಮಗೆ ರಾಯದುರ್ಗದಿಂದ ನಾನಕರಾಮಗುಡಕ್ಕೆ ಬೆಳಿಗ್ಗೆ ಸಂಜೆ ಬಸ್ಸು ಹೆಚ್ಚಿಸಿ ಎಂದು ಒಂದು ಮನವಿಗೆ ಇನ್ನೂರು ರುಜು ಹಾಕಿಸುವುದು ಆಗದ ಮಾತೇ? ತೆಲುಗರ, ಉರ್ದು ಮಾತಿನವರ ಮಕ್ಕಳೂ ಅದೇ ಸ್ಟಾಪಿನಲ್ಲಿ ನಿಲ್ಲುತ್ತಾರೆ. ಅವರ ರುಜುವೂ ಬರಲಿ.

ಆ ಹುಡುಗಿ ಬರುವ ತಿಂಗಳ ಒಂದನೇ ತಾರೀಖು ಕೆಲಸಕ್ಕೆ ಸೇರುತ್ತಾಳೆ. ಗಾಡಿ ಕೊಂಡಿಲ್ಲ. ಆಧಾರ್ ವಿಳಾಸ ಬದಲಿಸಲು ಅರ್ಜಿ ಹಾಕಿಸಿದ್ದೇವೆ. ಅದು ಬರುವವರೆಗೆ ಪಾಸಿನ ಹಣವನ್ನು ಇಬ್ಬರು ಸದಸ್ಯರು ಬಡ್ಡಿಯಿಲ್ಲದೆ ಕೊಟ್ಟಿದ್ದಾರೆ. ಕೋಠಿಯಿಂದ ಮೆಹದಿಪಟ್ಟಣ, ಅಲ್ಲಿಂದ ಇನ್ನೊಂದು ಬಸ್ಸು. ಏಳಕ್ಕೆ ಮನೆ ಬಿಡಬೇಕು. ಬೆಳಿಗ್ಗೆ ಆ ಕಡೆಗೆ ಕಾರಿನಲ್ಲಿ ಒಬ್ಬೊಬ್ಬರೇ ಹೋಗುವ ಸದಸ್ಯರು ಹೊರಡುವ ವೇಳೆಯನ್ನು ಕಾರ್ಯಾಲಯದಲ್ಲಿ ಬರೆಸಬೇಕೆಂದು ಕೋರುತ್ತೇವೆ. ಮನವಿಯ ಕಾಗದವೂ ಅದೇ ಮೇಜಿನ ಮೇಲಿದೆ.