ಸಾಕೆಟ್ ಒಂದೇ ಆದರೆ ಹೊಸ ಪ್ರಾಸೆಸರ್ ಕೆಲಸ ಮಾಡುತ್ತದೆಯೇ?

"ಹಳೆಯ ಡೆಸ್ಕ್‌ಟಾಪ್ ಎಸೆಯಬೇಡಿ. ಸಾಕೆಟ್ ಯಾವುದೆಂದು ನೋಡಿ, ಅದೇ ಸಾಕೆಟ್‌ನ ಹೊಸ ಪ್ರಾಸೆಸರ್ ಹಾಕಿಸಿದರೆ ಸಾಕು." ಇಂಥ ಸಲಹೆಯನ್ನು ನೀವೂ ಕೇಳಿರಬಹುದು. ಇದು ಅರ್ಧ ಮಾತ್ರ ಸರಿ. ಉಳಿದರ್ಧ ಗೊತ್ತಿಲ್ಲದೆ ದುಡ್ಡು ಕೊಟ್ಟರೆ, ಪ್ರಾಸೆಸರ್ ಸಾಕೆಟ್‌ನಲ್ಲಿ ಸರಿಯಾಗಿ ಕೂರುತ್ತದೆ, ಆದರೆ ಕಂಪ್ಯೂಟರ್ ಆನ್ ಆಗುವುದಿಲ್ಲ.

ಈ ಪ್ರಶ್ನೆ ಈಗ ಹಲವರದ್ದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವ ಇಂಟೆಲ್ ಪ್ರಾಸೆಸರ್‌ಗಳ ಪಟ್ಟಿ, ಕೆಲವು ಅಪವಾದಗಳನ್ನು ಬಿಟ್ಟರೆ, 8ನೇ ತಲೆಮಾರಿನಿಂದ ಶುರುವಾಗುತ್ತದೆ. ಮನೆಯಲ್ಲಿ 6 ಅಥವಾ 7ನೇ ತಲೆಮಾರಿನ ಕಂಪ್ಯೂಟರ್ ಇದ್ದವರು "ಒಂದು ಸೆಕೆಂಡ್ ಹ್ಯಾಂಡ್ 8ನೇ ತಲೆಮಾರಿನ ಐ5 ಹಾಕಿಸಿಬಿಡೋಣ" ಎಂದುಕೊಳ್ಳುವುದು ಸಹಜ. ಎರಡರ ಸಾಕೆಟ್ ಹೆಸರೂ ಎಲ್‌ಜಿಎ 1151. ಎಡವಟ್ಟಾಗುವುದು ಇಲ್ಲಿಯೇ.

ಹೆಸರು ಒಂದೇ, ಒಳಗಿನ ಹಂಚಿಕೆ ಬೇರೆ

1151 ಎಂಬುದು ಸಾಕೆಟ್‌ನಲ್ಲಿರುವ ಪಿನ್‌ಗಳ ಸಂಖ್ಯೆ. ಯಾವ ಪಿನ್ ವಿದ್ಯುತ್ ಒಯ್ಯುತ್ತದೆ, ಯಾವುದು ಮಾಹಿತಿ ಸಾಗಿಸುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. 2017ರ ಕೊನೆಯಲ್ಲಿ 8ನೇ ತಲೆಮಾರು ಬಂದಾಗ, ಪ್ರಾಸೆಸರ್‌ನಲ್ಲಿ ಕೋರ್‌ಗಳು ಹೆಚ್ಚಾದವು. ಹಿಂದೆ ಖಾಲಿ ಬಿಟ್ಟಿದ್ದ ಕೆಲವು ಪಿನ್‌ಗಳನ್ನು ಇಂಟೆಲ್ ವಿದ್ಯುತ್ ಪೂರೈಕೆಗೆ ಬಳಸಿಕೊಂಡಿತು. ಹೀಗಾಗಿ ಎಚ್110, ಬಿ250 ಚಿಪ್‌ಸೆಟ್‌ನ ಮದರ್‌ಬೋರ್ಡ್‌ಗಳಲ್ಲಿ 6 ಮತ್ತು 7ನೇ ತಲೆಮಾರು ಮಾತ್ರ ನಡೆಯುತ್ತದೆ. 8 ಮತ್ತು 9ನೇ ತಲೆಮಾರಿಗೆ ಎಚ್310, ಬಿ360ರಂಥ 300 ಸರಣಿಯ ಬೋರ್ಡ್ ಬೇಕು. ಬಯೋಸ್ ತಿದ್ದಿ ಹಳೆಯ ಬೋರ್ಡ್‌ನಲ್ಲೇ ಓಡಿಸಿದ ಹವ್ಯಾಸಿಗಳಿದ್ದಾರೆ. ಆದರೆ ದಿನಬಳಕೆಯ ಕಂಪ್ಯೂಟರ್‌ಗೆ ಅದು ನಂಬಿಕೆಯ ದಾರಿಯಲ್ಲ.

ಹಾಗಾದರೆ ಸಲಹೆ ಪೂರ್ತಿ ಸುಳ್ಳೇ?

ಅಲ್ಲ. ಎಎಂಡಿ ಕಂಪನಿಯ ಎಎಂ4 ಸಾಕೆಟ್ ನೋಡಿ. 2017ರಲ್ಲಿ ಬಂದ ಮೊದಲ ರೈಜನ್‌ನಿಂದ ರೈಜನ್ 5000 ಸರಣಿಯವರೆಗೆ ಅದೇ ಸಾಕೆಟ್ ನಡೆಯಿತು. ಬಿ450 ಬೋರ್ಡ್ ಇದ್ದವರು ಬಯೋಸ್ ಅಪ್‌ಡೇಟ್ ಮಾಡಿ ರೈಜನ್ 5000 ಹಾಕಿಕೊಳ್ಳಬಹುದು. ಇಲ್ಲೂ ಷರತ್ತು ಇದೆ. ಬಯೋಸ್ ಎಂದರೆ ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಪುಟ್ಟ ತಂತ್ರಾಂಶ. ಹೊಸ ಪ್ರಾಸೆಸರ್‌ನ ಗುರುತು ಅದಕ್ಕೆ ಇಲ್ಲದಿದ್ದರೆ ಸ್ಕ್ರೀನ್ ಕಪ್ಪಾಗಿಯೇ ಉಳಿಯುತ್ತದೆ.

ಕೊಳ್ಳುವ ಮೊದಲು ಹೀಗೆ ನೋಡಿ

1. ವಿಂಡೋಸ್‌ನ ಹುಡುಕು ಜಾಗದಲ್ಲಿ 'ಸಿಸ್ಟಂ ಇನ್ಫರ್ಮೇಶನ್' ತೆರೆಯಿರಿ. 'ಬೇಸ್‌ಬೋರ್ಡ್' ಸಾಲುಗಳಲ್ಲಿ ಮದರ್‌ಬೋರ್ಡ್‌ನ ಕಂಪನಿ ಮತ್ತು ಮಾಡೆಲ್, 'ಬಯೋಸ್ ವರ್ಶನ್' ಸಾಲಿನಲ್ಲಿ ಬಯೋಸ್ ಆವೃತ್ತಿ ಇರುತ್ತವೆ. ಎರಡರ ಫೋಟೋ ತೆಗೆದಿಟ್ಟುಕೊಳ್ಳಿ.

2. ಬೋರ್ಡ್ ತಯಾರಕರ ವೆಬ್‌ಸೈಟ್‌ನಲ್ಲಿ ಅದೇ ಮಾಡೆಲ್‌ನ 'ಸಿಪಿಯು ಸಪೋರ್ಟ್ ಲಿಸ್ಟ್' ತೆರೆಯಿರಿ. ನೀವು ಕೊಳ್ಳಬೇಕೆಂದಿರುವ ಪ್ರಾಸೆಸರ್‌ನ ಪೂರ್ತಿ ಹೆಸರು ಅಲ್ಲಿರಬೇಕು. ಬರೀ 'ಐ5' ಎಂದರೆ ಏನೂ ತಿಳಿಯುವುದಿಲ್ಲ. ಐ5-7400 ಮತ್ತು ಐ5-8400 ಎರಡೂ ಐ5, ಆದರೆ ಅವಕ್ಕೆ ಬೇಕಾದ ಬೋರ್ಡ್ ಬೇರೆ ಬೇರೆ.

3. ಹೆಸರಿನ ಪಕ್ಕದಲ್ಲಿ ಎಷ್ಟನೇ ಬಯೋಸ್ ಬೇಕೆಂದು ಬರೆದಿರುತ್ತದೆ. ನಿಮ್ಮದು ಹಳೆಯದಾದರೆ, ಹಳೆಯ ಪ್ರಾಸೆಸರ್ ಇನ್ನೂ ಬೋರ್ಡ್‌ನಲ್ಲಿ ಇರುವಾಗಲೇ ಅಪ್‌ಡೇಟ್ ಮಾಡಬೇಕು. ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು, ಆದ್ದರಿಂದ ಯುಪಿಎಸ್ ಇರಲಿ.

4. ಡೆಲ್, ಎಚ್‌ಪಿ, ಲೆನೊವೊದಂಥ ಕಂಪನಿಗಳ ಸಿದ್ಧ ಕಂಪ್ಯೂಟರ್ ನಿಮ್ಮದಾದರೆ ಚಿಪ್‌ಸೆಟ್ ಹೆಸರೊಂದನ್ನೇ ನಂಬಬೇಡಿ. ಕಂಪ್ಯೂಟರ್‌ನ ಮಾಡೆಲ್ ಹೇಳಿ, ಅದಕ್ಕೆ ಯಾವ ಪ್ರಾಸೆಸರ್‌ಗಳು ಆಗುತ್ತವೆ ಎಂದು ಆ ಕಂಪನಿಯ ಮಾಹಿತಿಯಲ್ಲೇ ನೋಡಿ.

ಬೋರ್ಡೂ ಬದಲಿಸಬೇಕಾಗಿ ಬಂದರೆ ಖರ್ಚು ಅಷ್ಟಕ್ಕೇ ನಿಲ್ಲದಿರಬಹುದು. ಎಎಂಡಿಯ ಎಎಂ5 ಬೋರ್ಡ್‌ಗಳಿಗೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ, ಹಳೆಯ ಡಿಡಿಆರ್4 ಹಾಕಲು ಬರುವುದಿಲ್ಲ. ಇಂಟೆಲ್‌ನ ಎಲ್‌ಜಿಎ 1700 ಬೋರ್ಡ್‌ಗಳಲ್ಲಿ ಡಿಡಿಆರ್4ರವೂ ಇವೆ, ಡಿಡಿಆರ್5ರವೂ ಇವೆ. ಕೂಲರ್ ಕೂರುತ್ತದೆಯೇ, ಎಸ್‌ಎಂಪಿಎಸ್‌ನ ವ್ಯಾಟ್ ಸಾಲುತ್ತದೆಯೇ ಎಂಬುದನ್ನೂ ನೋಡಬೇಕು. ಎಲ್ಲ ಕೂಡಿಸಿ ಲೆಕ್ಕ ಹಾಕಿದ ಮೇಲಷ್ಟೇ "ಪ್ರಾಸೆಸರ್ ಬದಲಿಸಿದರೆ ಅಗ್ಗ" ಎಂಬ ಮಾತು ನಿಮ್ಮ ಮಟ್ಟಿಗೆ ನಿಜವೋ ಅಲ್ಲವೋ ತಿಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ "ಸಾಕೆಟ್ ಒಂದೇ ಸಾರ್, ಆಗುತ್ತೆ" ಎಂದು ಅಂಗಡಿಯವರು ಹೇಳಿದರೆ, ಬೋರ್ಡ್‌ನ ಫೋಟೋ ತೋರಿಸಿ, ಸಪೋರ್ಟ್ ಲಿಸ್ಟ್‌ನಲ್ಲಿ ಪ್ರಾಸೆಸರ್ ಹೆಸರು ತೋರಿಸುವಂತೆ ಕೇಳಿ. ಆಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಬಿಲ್‌ನಲ್ಲೇ ಬರೆಸಿಕೊಳ್ಳಿ.